ದೋಸೆಯ ಜೊತೆ ದ್ರಾಕ್ಷಿ ರಸ

ಬಿಳೇಕಹಳ್ಳಿ

ನಾನು ವಿಯೆಟ್ನಾಂ ದೇಶದ ಹನೋಯ್‌ಗೆ ಹೊರಟಿದ್ದೇನೆ ಎಂದಾಗ, ಜಯನಗರ ನಾಲ್ಕನೇ ಬ್ಲಾಕಿನ ಹೋಟೆಲಿನಲ್ಲಿ ನನ್ನ ಎದುರು ಕೂತಿದ್ದ ಗೆಳೆಯ ರಂಗಸ್ವಾಮಿ ಬಾಯಿಗೆ ಒಯ್ದ ವಡೆಯನ್ನು ಅಲ್ಲೇ ನಿಲ್ಲಿಸಿದ.

"ಪಿತೃಪಕ್ಷದಲ್ಲಿ ಯಾವನಾದ್ರೂ ದೇಶ ಬಿಡ್ತಾನೇನೋ?"

"ಅಮಾವಾಸ್ಯೆಗೆ ಮೂರು ದಿನ ಮುಂಚೆ ವಾಪಸ್ ಬರ್ತೀನಿ."

"ಅಲ್ಲೇನ್ ತಿಂತೀಯ? ಹಾವು, ಕಪ್ಪೆ?"

"ಅನ್ನ ತಿಂತಾರಂತೆ. ಕಾಫಿ ಬೆಳೀತಾರಂತೆ, ಕುಡೀತಾರಂತೆ."

"ಹಂಗಾದ್ರೆ ಹೋಗ್ ಬಾ," ಎಂದು ವಡೆ ಮುಗಿಸಿದ. "ನಿನ್ನ ದೋಸೆ-ದ್ರಾಕ್ಷಿ ಕಥೆ ಅಲ್ಲೂ ಹೇಳಿ ನಗಿಸ್ಬಿಟ್ ಬಾ."

ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನನಗೆ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಮೂವರು ಸ್ನೇಹಿತರ ಜೊತೆ ಹೆಂಡತಿ ಗೌರಿಯನ್ನೂ ಇದೇ ಹೋಟೆಲಿಗೆ ಕರೆದುಕೊಂಡು ಬಂದಿದ್ದೆ. ಅವಳು ಹೋಟೆಲಿನ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಎಲ್ಲರಿಗೂ ಮಸಾಲೆ ದೋಸೆ ಬಂತು. ಕಾಫಿ ಎಷ್ಟು ಎಂದು ಸಪ್ಲೈಯರ್ ಕೇಳಿದಾಗ ಗೌರಿ ಮೆಲ್ಲಗೆ, "ನಂಗೆ ದ್ರಾಕ್ಷಿ ರಸ," ಅಂದಳು. ಗೋಡೆಯ ಮೇಲಿನ ಹಲಗೆಯಲ್ಲಿ ಬರೆದಿತ್ತು, ಓದಿಕೊಂಡಿದ್ದಳು. ನಾನು ಸ್ನೇಹಿತರ ಕಡೆ ತಿರುಗಿ, "ದೋಸೆ ಜೊತೆ ದ್ರಾಕ್ಷಿ ರಸ ಅಂತ್ರಪ್ಪೋ! ನಾಳೆ ಮುದ್ದೆ ಜೊತೆ ಐಸ್‌ಕ್ರೀಮ್ ಕೇಳ್ತಾಳೆ ನೋಡ್ತಿರಿ," ಅಂದೆ. ಎಲ್ಲರೂ ನಕ್ಕರು. ಸಪ್ಲೈಯರ್ ಕೂಡ ನಕ್ಕ. "ಇವಳಿಗೂ ಕಾಫಿನೇ ಕೊಡಪ್ಪ," ಎಂದು ನಾನೇ ಹೇಳಿದೆ.

ಈ ಕಥೆಯನ್ನು ಮದುವೆಮನೆಗಳಲ್ಲಿ, ಗೃಹಪ್ರವೇಶಗಳಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿದ್ದ ನನ್ನ ಬಣ್ಣದ ಅಂಗಡಿಯಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಮನೆಗೆ ಬಂದ ನೆಂಟರಿಗೂ ಹೇಳುತ್ತಿದ್ದೆ. ಗೌರಿ ಅವರಿಗೆ ಕಾಫಿ ಕೊಡುತ್ತ ಅಲ್ಲೇ ಇರುತ್ತಿದ್ದಳು. ಅವಳೂ ಸ್ವಲ್ಪ ನಗುತ್ತಿದ್ದಳು.

ಅವಳು ತೀರಿಕೊಂಡು ಒಂದೂವರೆ ವರ್ಷವಾಯಿತು. ನಮ್ಮದು ಬಿಳೇಕಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗಿನ ಮನೆತನ. ಹೊಲ ಹೋಗಿ ಸೈಟುಗಳಾದವು, ಸೈಟುಗಳ ಮೇಲೆ ಬಾಡಿಗೆ ಮನೆಗಳಾದವು, ಪದ್ಧತಿಗಳು ಮಾತ್ರ ಹಾಗೇ ಉಳಿದವು. ಪಿತೃಪಕ್ಷದ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆ ಇಡುತ್ತೇವೆ. ಬಾಳೆ ಎಲೆಯ ಮೇಲೆ ಅವರವರಿಗೆ ಇಷ್ಟವಾದ ತಿನಿಸು, ಕುಡಿಯುವುದು ಎಲ್ಲವನ್ನೂ ಬಡಿಸಿ, ಬಾಗಿಲು ಮುಚ್ಚಿಕೊಂಡು ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಅವರು ಉಣ್ಣುವಾಗ ಬಾಗಿಲು ತೆಗೆಯಬಾರದು. ನನ್ನ ಅಪ್ಪನಿಗೆ ಬ್ರಾಂದಿ ಮತ್ತು ಬೀಡಿ, ಅವ್ವನಿಗೆ ಎಲೆಅಡಿಕೆ ಮತ್ತು ಕಡ್ಡಿಪುಡಿ.

ಹೋದ ವರ್ಷ ಗೌರಿಯ ಮೊದಲ ಎಡೆ. ಮಗಳು ಸವಿತಾ ಕೇಳಿದಳು, "ಅಪ್ಪ, ಅಮ್ಮಂಗೆ ಏನೇನ್ ಇಷ್ಟ ಹೇಳು, ಮಾಡಿಸ್ತೀನಿ."

ನಾನು ತಡಮಾಡದೆ, "ಮುದ್ದೆ, ನಾಟಿಕೋಳಿ ಸಾರು, ಆಮೇಲೆ ಗಟ್ಟಿ ಕಾಫಿ," ಅಂದೆ.

ಸವಿತಾ ನನ್ನ ಮುಖ ನೋಡಿದಳು. "ಅದು ನಿನ್ ಲಿಸ್ಟ್ ಅಲ್ವಾ ಅಪ್ಪ?"

ಯೋಚಿಸಿದೆ. ಅವಳು ಹೇಳಿದ್ದು ನಿಜ. ಹಾಗಾದರೆ ಗೌರಿಗೆ ಇಷ್ಟವಾದದ್ದೇನು? ನಲವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿ ಉಂಡವನಿಗೆ ಒಂದು ಪದಾರ್ಥವೂ ತೋಚಲಿಲ್ಲ. ಕೊನೆಗೆ ನನ್ನ ಪಟ್ಟಿಯನ್ನೇ ಬಡಿಸಿ ಬಾಗಿಲು ಮುಚ್ಚಿದೆವು. ಆ ಎಡೆಯನ್ನು ಆಮೇಲೆ ನಾನೇ ಪ್ರಸಾದವೆಂದು ಉಂಡೆ. ರುಚಿಯಾಗಿತ್ತು.

ಈ ವರ್ಷ ಏನಿಡಬೇಕು ಎಂಬ ಪ್ರಶ್ನೆಯನ್ನು ತಲೆಯಲ್ಲಿ ಇಟ್ಟುಕೊಂಡೇ ವಿಮಾನ ಹತ್ತಿದೆ. ಸವಿತಾಗೆ ಒಂದು ವಾರ ರಜೆ ಸಿಕ್ಕಿತ್ತು. ಅಪ್ಪ ಮನೆಯಲ್ಲಿ ಕೂತು ಮಂಕಾಗಿದ್ದಾನೆ ಎಂದು ಅವಳೇ ಎಲ್ಲ ಏರ್ಪಾಟು ಮಾಡಿದ್ದಳು.

ಮೊದಲ ಬೆಳಿಗ್ಗೆ

ಹನೋಯ್‌ನ ಹಳೆಯ ಪೇಟೆಯ ಮನೆಗಳು ನಮ್ಮ ಚಿಕ್ಕಪೇಟೆಯ ಅಂಗಡಿಗಳಷ್ಟು ಅಗಲ, ಆದರೆ ಐದು ಅಂತಸ್ತು. ಅಂಥ ಒಂದು ಮನೆಯ ಮೇಲಿನ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತಿದ್ದವರು ಹ್ವಾ ಎಂಬ ಹೆಂಗಸು. ಗಂಡ ಇಲ್ಲ. ಕತ್ತರಿಸಿದ ಬಿಳಿ ಕೂದಲು, ಹೂವಿನ ಚಿತ್ರದ ಪೈಜಾಮ. ಸವಿತಾಳ ಮೊಬೈಲು ಆಕೆಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಓದುತ್ತಿತ್ತು. ಆ ಮೊಬೈಲಿನ ಕನ್ನಡ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟರದ್ದಕ್ಕಿಂತ ಶುದ್ಧ.

ಹ್ವಾ ಮೊದಲು ಕೇಳಿದ್ದು, "ಮಾನ್ಯರೇ, ತಮಗೆ ವಯಸ್ಸು ಎಷ್ಟು?"

ಎಪ್ಪತ್ತೆರಡು ಎಂದೆ. ಆಕೆಗೆ ಅರವತ್ತೊಂಬತ್ತು. ಕೂಡಲೇ ನಾನು ಅಣ್ಣನಾದೆ, ಆಕೆ ತಂಗಿಯಾದರು. ಅಲ್ಲಿ ವಯಸ್ಸು ಗೊತ್ತಾಗದೆ ಮಾತೇ ಮುಂದಕ್ಕೆ ಹೋಗುವುದಿಲ್ಲ. ಯಾರನ್ನಾದರೂ ಅಣ್ಣ, ಅಕ್ಕ, ಅಜ್ಜ, ಏನಾದರೂ ಒಂದು ಮಾಡಿಕೊಳ್ಳಲೇಬೇಕು. ಇದು ನನಗೆ ಹೊಸದೆನಿಸಲಿಲ್ಲ. ನಮ್ಮ ಆಟೋದವನಿಗೂ ಎಲ್ಲರೂ ಅಣ್ಣಂದಿರೇ, ಮೀಟರ್ ಹಾಕೆನ್ನುವವರೆಗೆ.

ಆಕೆ ಕೆಳಗಿನ ಕಾಫಿ ಅಂಗಡಿಗೆ ಕರೆದುಕೊಂಡು ಹೋದರು. ಅಂಗಡಿ ಎಂದರೆ ಫುಟ್‌ಪಾತ್. ನಮ್ಮಲ್ಲಿ ಬಚ್ಚಲುಮನೆಯಲ್ಲಿ ಬಟ್ಟೆ ಒಗೆಯಲು ಇಟ್ಟುಕೊಳ್ಳುವಂಥ ಪ್ಲಾಸ್ಟಿಕ್ ಸ್ಟೂಲುಗಳು. ಕೂರುವುದು ಕೂತೆ. ಏಳುವಾಗ ಸವಿತಾ ಒಂದು ಕೈ, ಹ್ವಾ ಒಂದು ಕೈ ಹಿಡಿದು ಎಳೆದರು. ಸುತ್ತ ಅಂಥ ಸ್ಟೂಲುಗಳ ಮೇಲೆ ನನಗಿಂತ ದೊಡ್ಡವರು ಕಾಲು ಮಡಿಸಿಕೊಂಡು, ಸೂರ್ಯಕಾಂತಿ ಬೀಜ ಸಿಡಿಸುತ್ತ, ಸಿಪ್ಪೆಯನ್ನು ನೆಲಕ್ಕೆ ಉದುರಿಸುತ್ತ ಆರಾಮಾಗಿ ಕೂತಿದ್ದರು.

ಅವರ ಕಾಫಿ ಫಿಲ್ಟರ್ ನೋಡಿ ನನಗೆ ನೆಂಟರು ಸಿಕ್ಕಂತಾಯಿತು. ಗಾಜಿನ ಲೋಟದ ತಲೆಯ ಮೇಲೆ ಒಂದು ಪುಟ್ಟ ತೂತಿನ ಬಟ್ಟಲು. ಅದರಿಂದ ಹನಿ ಹನಿಯಾಗಿ ಕೆಳಗೆ ಇಳಿಯುತ್ತದೆ. ನಮ್ಮ ಫಿಲ್ಟರ್ ಮುಚ್ಚಳ ಹಾಕಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಮಾಡುವ ಕೆಲಸವನ್ನು ಅದು ಎಲ್ಲರ ಕಣ್ಣೆದುರೇ ಮಾಡುತ್ತದೆ. ತಳದಲ್ಲಿ ಡಬ್ಬಿಯ ಗಟ್ಟಿ ಸಿಹಿಹಾಲು. ಹನಿ ಬೀಳುವುದು ಮುಗಿಯುವವರೆಗೆ ಯಾರೂ ಅವಸರಪಡುವುದಿಲ್ಲ. ನಾನು ಅಭ್ಯಾಸಬಲದಿಂದ ಆ ಲೋಟದಿಂದ ಪಕ್ಕದ ಬಟ್ಟಲಿಗೆ ಎತ್ತಿ ಹುಯ್ಯಲು ಹೋಗಿ ಅರ್ಧ ಕಾಫಿಯನ್ನು ಪ್ಯಾಂಟಿಗೆ ಕುಡಿಸಿದೆ.

ಕಾಫಿಯ ಬೆನ್ನಿಗೇ ಕೇಳದಿದ್ದರೂ ಐಸ್ ಹಾಕಿದ ತಿಳಿ ಟೀ ಬಂತು. ನಮ್ಮಲ್ಲಿ ಕಾಫಿಗೆ ಮುಂಚೆ ನೀರು ಕುಡಿಯುತ್ತೇವೆ, ಆಮೇಲೆ ಕುಡಿದರೆ ಬಾಯಿಯ ರುಚಿ ತೊಳೆದುಹೋಗುತ್ತದೆ ಎಂದು. ಅವರು ತೊಳೆಯಲೆಂದೇ ಕುಡಿಯುತ್ತಾರೆ. ಒಂದರ ಜೊತೆಗೆ ಇನ್ನೊಂದು ಏನಿರಬೇಕು ಎನ್ನುವುದು ಎಲ್ಲ ಊರಿನಲ್ಲೂ ಕಾನೂನಿನಷ್ಟೇ ಗಟ್ಟಿ. ಆದರೆ ಪ್ರತಿ ಊರಿಗೂ ಅದು ಬೇರೆ ಬೇರೆ.

ಮನೆಯಲ್ಲಿ ನನ್ನ ಬೆಳಗಿನ ಕಾಫಿ ಐದು ಗಂಟೆಗೆ. ಸವಿತಾ ಏಳುವುದಕ್ಕೆ ತುಂಬ ಮುಂಚೆ. ನಾನು ಮತ್ತು ಗೌರಿ ಇಬ್ಬರೇ, ಇಬ್ಬರ ಕೈಯಲ್ಲೂ ಸ್ಟೀಲ್ ಲೋಟ. ಹೆಚ್ಚು ಮಾತಿರುತ್ತಿರಲಿಲ್ಲ. ದಿನದಲ್ಲಿ ನಾವಿಬ್ಬರೂ ಒಟ್ಟಿಗೆ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದದ್ದು ಅದೊಂದೇ ಹೊತ್ತು. ಹನೋಯ್‌ನಲ್ಲಿ ಹನಿ ಬೀಳುವುದನ್ನು ನೋಡುತ್ತ ಅದು ನೆನಪಾಗಿ ಸಮಾಧಾನವಾಯಿತು. 'ಕಾಫಿ ಅಂತೂ ಇಷ್ಟವಿತ್ತಲ್ಲ, ಅದೊಂದು ಖಚಿತ,' ಅಂದುಕೊಂಡೆ.

ಶಾವಿಗೆ ಅಂಗಡಿ

ಮಾರನೆಯ ಬೆಳಿಗ್ಗೆ ತಿಂಡಿಗೆ ಹೋದೆವು. ಅಲ್ಲಿಯ ತಿಂಡಿ ಎಂದರೆ ದೊಡ್ಡ ಬಟ್ಟಲಿನಲ್ಲಿ ಅಕ್ಕಿಯ ಅಗಲ ಶಾವಿಗೆ, ಅದರ ಮೇಲೆ ಕುದಿಯುವ ಸಾರು. ಸವಿತಾ ಕೋಳಿಯದ್ದೇ ಎಂದು ಮೂರು ಸಲ ಕೇಳಿ ಖಚಿತ ಮಾಡಿಕೊಂಡಳು. ನಿಂಬೆ ಹಿಂಡಿ, ಹಸಿಮೆಣಸಿನಕಾಯಿ ಹಾಕಿಕೊಂಡರೆ ಜ್ವರ ಬಂದಾಗ ನಮ್ಮಲ್ಲಿ ಮಾಡುವ ಕೋಳಿ ತಿಳಿಸಾರಿನ ದೂರದ ದಾಯಾದಿ. ಜೊತೆಗೆ ಒಂದು ತಟ್ಟೆಯಲ್ಲಿ ಎಣ್ಣೆಯಲ್ಲಿ ಕರಿದ, ಬೆರಳುದ್ದದ ಉಬ್ಬಿದ ಹಿಟ್ಟಿನ ಕಡ್ಡಿಗಳು ಬಂದವು.

ನನಗೆ ಆ ಕಡ್ಡಿಗಳನ್ನು ನೋಡಿದ ಕೂಡಲೇ ಕಾಫಿ ಬೇಕೆನಿಸಿತು. ಅಂಗಡಿಯಲ್ಲಿ ಕಾಫಿ ಇರಲಿಲ್ಲ. ನಾನು ಕೈಸನ್ನೆ ಮಾಡಿ ಮಾಡಿ, ಅಂಗಡಿಯವಳು ಪಕ್ಕದ ಅಂಗಡಿಯಿಂದ ಒಂದು ಲೋಟ ಬಿಸಿ ಹಾಲಿನ ಕಾಫಿ ತರಿಸಿದಳು. ಆ ಕಡ್ಡಿಯನ್ನು ಮುರಿದು, ನಾವು ಬನ್ನನ್ನೋ ರಸ್ಕನ್ನೋ ಅದ್ದುವ ಹಾಗೆ ಕಾಫಿಯಲ್ಲಿ ಅದ್ದಿ ಬಾಯಿಗಿಟ್ಟೆ.

ಅಂಗಡಿ ಗಪ್ಪೆಂದು ನಿಂತಿತು. ಆ ಕಡ್ಡಿ ಸಾರಿನಲ್ಲಿ ಅದ್ದುವುದಂತೆ. ಎದುರು ಮೇಜಿನ ಒಬ್ಬ ಮುದುಕ ತನ್ನ ಜೊತೆಯವರಿಗೆ ಏನೋ ಹೇಳಿದ. ಐದಾರು ಜನ ಗೊಳ್ಳೆಂದು ನಕ್ಕರು. ಅಂಗಡಿಯವಳು ಸೌಟು ಹಿಡಿದುಕೊಂಡೇ ನಕ್ಕಳು. ಕೆಟ್ಟ ನಗುವಲ್ಲ, ಯಾರೂ ಕೇಡು ಬಯಸಿದವರಲ್ಲ. ಆ ಮುದುಕ ನನಗೆ ಕೈ ಬೀಸಿ, ತನ್ನ ಬಟ್ಟಲನ್ನು ತೋರಿಸಿ, ಹೀಗೆ, ಹೀಗೆ ಎಂದು ಅದ್ದಿ ತೋರಿಸಿದ. ಆಮೇಲೆ ಅವನೇ ಎದ್ದು ಬಂದು ನನ್ನ ಕಾಫಿ ಲೋಟವನ್ನು ಮೇಜಿನ ಆ ತುದಿಗೆ ಸರಿಸಿಟ್ಟ.

"ಬಿಡಪ್ಪ, ತಮಾಷೆಗೆ ನಗ್ತಿದಾರೆ," ಅಂದಳು ಸವಿತಾ.

"ಗೊತ್ತು."

"ಮತ್ಯಾಕೆ ತಿನ್ನೋದ್ ನಿಲ್ಸಿದೆ?"

"ಹೊಟ್ಟೆ ತುಂಬ್ತು."

ಹೊಟ್ಟೆ ತುಂಬಿರಲಿಲ್ಲ. ಕಿವಿ ಬಿಸಿಯಾಗಿತ್ತು. ನಾನು ಎಪ್ಪತ್ತೆರಡು ವರ್ಷದ ಗಂಡಸು, ಮೂರು ಅಂತಸ್ತಿನ ಮನೆಯ ಯಜಮಾನ. ನಾಳೆ ಇವರ್ಯಾರೂ ನನ್ನ ಕಣ್ಣಿಗೆ ಬೀಳುವುದಿಲ್ಲ. ಆದರೂ ಆ ತುದಿಗೆ ಸರಿದ ಲೋಟವನ್ನು ಕೈಚಾಚಿ ತೆಗೆದುಕೊಳ್ಳಲು ಆಗಲಿಲ್ಲ. ಉಳಿದ ನಾಲ್ಕು ದಿನವೂ ಆ ಅಂಗಡಿಯ ಮುಂದೆ ಹೋಗದೆ ಸುತ್ತುಬಳಸಿ ನಡೆದೆ. ಸವಿತಾ ಕೇಳಿದರೆ, "ಆ ಸಾರು ನಂಗೆ ಸೇರಲ್ಲ," ಅಂದೆ.

ಹೇಳಿದ ಮೇಲೆ ಆ ಮಾತನ್ನು ಎಲ್ಲೋ ಕೇಳಿದಂತಿದೆ ಎನಿಸಿತು. ನಾನು ಹೋಟೆಲಿಗೆ ಕರೆದಾಗಲೆಲ್ಲ ಗೌರಿ, "ಹೋಟೆಲ್ ತಿಂಡಿ ನಂಗೆ ಸೇರಲ್ಲ, ನೀವ್ ಹೋಗ್ಬನ್ನಿ," ಅನ್ನುತ್ತಿದ್ದಳು. ನಾನು ಅದನ್ನು ನಂಬಿ, ವಾರಕ್ಕೆ ನಾಲ್ಕು ದಿನ ಒಬ್ಬನೇ ಹೋಗಿ ಬರುತ್ತಿದ್ದೆ. ಬಂದ ಮೇಲೆ ಅವಳು ಮಾಡಿಟ್ಟ ಉಪ್ಪಿಟ್ಟು ಬೇಡ, ಹೊಟ್ಟೆ ತುಂಬಿದೆ ಎನ್ನುತ್ತಿದ್ದೆ.

ಹಸಿರು ಅವಲಕ್ಕಿ

ಹನೋಯ್‌ನಲ್ಲಿ ನಾವಿದ್ದಾಗ ಅವರ ಹುಣ್ಣಿಮೆಯ ಹಬ್ಬ ಮುಗಿದು ಕೆಲವು ದಿನಗಳಾಗಿದ್ದವು. ಅಂಗಡಿಗಳಲ್ಲಿ ಉಳಿದ ಕಾಗದದ ದೀಪಗಳು ತೂಗುತ್ತಿದ್ದವು. ಹಬ್ಬದ ಸಿಹಿ ಎಂದರೆ ಹೋಳಿಗೆಯಂಥ ಒಂದು ದಪ್ಪ ಬಿಲ್ಲೆ, ಒಳಗೆ ಕಾಳಿನ ಹೂರಣ. ಅದನ್ನು ಹಾಗೇ ತಿನ್ನುವುದಿಲ್ಲ. ಎಂಟು ಹೋಳು ಮಾಡಿ, ಒಂದು ಹೋಳಿಗೆ ಒಂದು ಬಟ್ಟಲು ಕಹಿ ಟೀ. ಆ ಟೀ ಕಷಾಯದಷ್ಟು ಕಹಿ. ಮೊದಲ ಗುಟುಕಿಗೆ ಮುಖ ಕಿವಿಚಿದೆ. ಮೂರನೆಯದಕ್ಕೆ, ಟೀ ಇಲ್ಲದೆ ಆ ಸಿಹಿ ಇಳಿಯುವುದಿಲ್ಲ ಎಂದು ಗೊತ್ತಾಯಿತು.

ಕೆರೆಯ ದಂಡೆಯಲ್ಲಿ ಒಬ್ಬಳು ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಅವಲಕ್ಕಿ ಮಾರುತ್ತಿದ್ದಳು. ನಮ್ಮ ಅವಲಕ್ಕಿಯೇ, ಆದರೆ ಹಾಲುಗಾಳಿನ ಎಳೆ ಭತ್ತದ್ದು, ಗರಿಕೆಯಷ್ಟು ಹಸಿರು. ತಾವರೆ ಎಲೆಯಲ್ಲಿ ಕಟ್ಟಿ ಕೊಟ್ಟಳು. ಅದಕ್ಕೆ ಜೊತೆ, ಚುಕ್ಕೆ ಬಿದ್ದ ಕಳಿತ ಬಾಳೆಹಣ್ಣು. ಹಣ್ಣನ್ನು ಆ ಹಸಿರಿನಲ್ಲಿ ಒತ್ತಿ, ಅಂಟಿದಷ್ಟನ್ನು ಹಣ್ಣಿನ ಜೊತೆ ಕಚ್ಚುವುದು. ಬಾಯಿತುಂಬ ಹೊಸ ಗದ್ದೆಯ ವಾಸನೆ. ಅರಕೆರೆ ಕೆರೆಯ ಕೆಳಗೆ ನಮಗೆ ಗದ್ದೆಯಿದ್ದಾಗ ಇಂಥ ವಾಸನೆ ಇತ್ತು. ಈಗ ಅಲ್ಲಿ ಕಾರು ನಿಲ್ಲಿಸುತ್ತಾರೆ.

"ಅಮ್ಮಂಗೆ ಅವಲಕ್ಕಿ ಇಷ್ಟ ಇತ್ತಾ?" ಎಂದು ಸವಿತಾಳನ್ನು ಕೇಳಿದೆ.

"ನನ್ನ ಕೇಳ್ತೀಯಲ್ಲಪ್ಪ."

"ನೀನ್ ಮಗಳಲ್ವಾ."

"ಅಮ್ಮ ನಾವೆಲ್ಲ ತಿಂದ್ಮೇಲೆ ಉಳಿದಿದ್ದು ತಿಂತಿದ್ಲು. ಏನ್ ಉಳಿದ್ರೆ ಅದು. ನಂಗೂ ಗೊತ್ತಿಲ್ಲ." ಅವಳು ಬೆರಳಿಗೆ ಅಂಟಿದ ಅವಲಕ್ಕಿಯನ್ನು ಒರೆಸಿಕೊಂಡಳು. "ನೀನ್ ಯಾವತ್ತಾದ್ರೂ ಅಮ್ಮನ ತಟ್ಟೆ ನೋಡಿದ್ಯಾ ಅಪ್ಪ?"

ನೋಡಿಲ್ಲ ಎಂದು ಹೇಳಬೇಕಿತ್ತು. "ನಾನ್ ಎದ್ದು ಕೈ ತೊಳೆದ್ಮೇಲೆ ಅಲ್ವಾ ಅವಳು ಕೂರ್ತಿದ್ದಿದ್ದು," ಅಂದೆ. ಅದೇ ಉತ್ತರ. ಸವಿತಾ ತಾವರೆ ಎಲೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಹ್ವಾ ಅವರ ಮನೆಯ ಊಟ

ಹೊರಡುವ ಹಿಂದಿನ ದಿನ ಹ್ವಾ ನಮ್ಮನ್ನು ಮಧ್ಯಾಹ್ನದ ಊಟಕ್ಕೆ ಕರೆದರು. ಅಂದು ಆಕೆಯ ಗಂಡ ತೀರಿಕೊಂಡ ತಿಥಿ. ಮೂರನೆಯ ಅಂತಸ್ತಿನ ಕೋಣೆಯಲ್ಲಿ ಎತ್ತರದ ಹಲಗೆಯ ಮೇಲೆ ಗಂಡನ ಫೋಟೋ. ಅದರ ಮುಂದೆ ಇಡಿಯಾಗಿ ಬೇಯಿಸಿದ ಕೋಳಿ, ಅಂಟು ಅಕ್ಕಿಯ ಅನ್ನ, ಹಣ್ಣು, ಊದಿನಕಡ್ಡಿ. ಅದರ ಪಕ್ಕ ಮುಚ್ಚಳ ತೆಗೆದ ಒಂದು ಬಿಯರ್ ಡಬ್ಬಿ ಮತ್ತು ಒಂದು ತಟ್ಟೆ ಬೇಯಿಸಿದ ಕಡಲೆಕಾಯಿ. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಸಮುದ್ರ ದಾಟಿ ಬಂದು ನಮ್ಮಪ್ಪನ ಎಡೆಯ ಮುಂದೆ ನಿಂತ ಹಾಗಾಯಿತು.

"ಇವರಿಗೆ ಬಿಯರ್ ಜೊತೆ ಕಡಲೆಕಾಯಿ ಇಲ್ಲದಿದ್ದರೆ ಕೋಪ ಬರುತ್ತಿತ್ತು," ಎಂದಿತು ಮೊಬೈಲು, ಹ್ವಾ ಅವರ ಪರವಾಗಿ. "ವೈದ್ಯರು ಎರಡನ್ನೂ ನಿಷೇಧಿಸಿದ್ದರು. ಈಗ ವೈದ್ಯರ ಭಯವಿಲ್ಲ."

ಊದಿನಕಡ್ಡಿ ಉರಿದು ಮುಗಿದ ಮೇಲೆ ಎಲ್ಲವನ್ನೂ ಕೆಳಗಿಳಿಸಿ ಚಾಪೆಯ ಮೇಲೆ ಹರಡಿದರು. ಹ್ವಾ, ಆಕೆಯ ತಮ್ಮ, ತಮ್ಮನ ಹೆಂಡತಿ, ನಾವಿಬ್ಬರು. ಎಲ್ಲರೂ ಒಂದೇ ಸಲಕ್ಕೆ ಕೂತರು. ಎಲ್ಲರ ಬಟ್ಟಲಿಗೂ ಎಲ್ಲರೂ ಹಾಕುತ್ತಿದ್ದರು. ಹ್ವಾ ನನ್ನ ಬಟ್ಟಲಿಗೆ ಕೋಳಿಯ ತುಂಡು ಹಾಕಿದರೆ, ಆಕೆಯ ತಮ್ಮ ಆಕೆಯ ಬಟ್ಟಲಿಗೆ ಚರ್ಮದ ಕಡೆಯ ತುಂಡು ಹಾಕಿದ. ಅಕ್ಕನಿಗೆ ಅದೇ ಇಷ್ಟ ಎಂದು ಅವನಿಗೆ ಗೊತ್ತಿತ್ತು.

ಸತ್ತವರ ಮನೆಯ ಊಟವಾದರೂ ನಗು ಇತ್ತು. ತಮ್ಮ ಏನೋ ಹೇಳಿ ನಗಿಸಿದ. ಹ್ವಾ ತಿರುಗಿಸಿ ಏನೋ ಅಂದು ಅವನ ಬಾಯಿ ಮುಚ್ಚಿಸಿದರು. ನಾನೂ ಸುಮ್ಮನೆ ಕೂತರೆ ಚೆನ್ನಾಗಿರುವುದಿಲ್ಲ ಎಂದು, ಮೊಬೈಲನ್ನು ಹತ್ತಿರಕ್ಕೆ ಎಳೆದುಕೊಂಡು ದೋಸೆ-ದ್ರಾಕ್ಷಿ ಕಥೆ ಶುರುಮಾಡಿದೆ.

"ಅಪ್ಪ, ಇಲ್ಲಿ ಬೇಡ," ಅಂದಳು ಸವಿತಾ.

"ಏನಾಗುತ್ತೆ, ಸುಮ್ನಿರು."

ದೋಸೆ ಎಂದರೇನು ಎಂದು ಮೊದಲು ಹೇಳಬೇಕಾಯಿತು. ಅಕ್ಕಿಯ ತೆಳು ರೊಟ್ಟಿ, ಒಳಗೆ ಖಾರದ ಚಟ್ನಿ, ಆಲೂಗಡ್ಡೆ ಪಲ್ಯ, ಅದರ ಜೊತೆ ಯಾವಾಗಲೂ ಬಿಸಿ ಕಾಫಿ. ನನ್ನ ಹೊಸ ಹೆಂಡತಿ ಕೇಳಿದ್ದು ದ್ರಾಕ್ಷಿ ರಸ. ನಾನು ಹೀಗಂದೆ, ಎಲ್ಲರೂ ನಕ್ಕರು, ಅವಳಿಗೂ ಕಾಫಿ ತರಿಸಿದೆ. ಮೊಬೈಲು ಅದನ್ನೆಲ್ಲ ಅವರ ಭಾಷೆಯಲ್ಲಿ ಓದಿ ಮುಗಿಸಿತು. ನಾನು ನಗಲು ಸಿದ್ಧನಾಗಿ ಕೂತೆ.

ಯಾರೂ ನಗಲಿಲ್ಲ. ಕಥೆ ಇನ್ನೂ ಮುಗಿದಿಲ್ಲ ಎಂದುಕೊಂಡಂತೆ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕೊನೆಗೆ ಹ್ವಾ ಏನೋ ಕೇಳಿದರು. ಮೊಬೈಲು ತನ್ನ ಶುದ್ಧ ಕನ್ನಡದಲ್ಲಿ ಓದಿತು:

"ಅಣ್ಣ, ನಂತರ ಅವರಿಗೆ ದ್ರಾಕ್ಷಿ ರಸ ದೊರೆಯಿತೇ?"

ಈ ಕಥೆಯನ್ನು ಕೇಳಿದವರಲ್ಲಿ ಈ ಪ್ರಶ್ನೆ ಕೇಳಿದವರು ಅದುವರೆಗೆ ಒಬ್ಬರೂ ಇರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

"ಇಲ್ಲ," ಅಂದೆ.

ಮೊಬೈಲು ಅದನ್ನೂ ಓದಿತು. ಹ್ವಾ ತಲೆಯಾಡಿಸಿ, ಕಡಲೆಕಾಯಿ ತಟ್ಟೆಯನ್ನು ನನ್ನ ಕಡೆ ದೂಡಿದರು.

ಗೌರಿಗೆ ಏನಿಷ್ಟವೆಂದು ಒಂದು ವರ್ಷದಿಂದ ಹುಡುಕುತ್ತಿದ್ದೆ. ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು ಪದಾರ್ಥ. ಅದನ್ನು ನಾನು ಮರೆತಿರಲಿಲ್ಲ. ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ನಗುವವರು ಸಿಕ್ಕಲ್ಲೆಲ್ಲ ಉತ್ತರವನ್ನು ನಾನೇ ಹೇಳುತ್ತಿದ್ದೆ, ನನ್ನ ಕಿವಿಗೆ ಬೀಳಲಿಲ್ಲ.

ಶಾವಿಗೆ ಅಂಗಡಿಯ ಮುದುಕ ನನ್ನ ಲೋಟವನ್ನು ದೂರ ಸರಿಸಿದ್ದು ನೆನಪಾಯಿತು. ಅವನು ಅಪರಿಚಿತ. ನಾನು ಗಂಡನಾಗಿದ್ದೆ. ನಾಲ್ಕು ತಿಂಗಳ ಗಂಡ.

ಅಮಾವಾಸ್ಯೆ

ಮನೆಗೆ ಬಂದ ದಿನವೇ ನನ್ನ ತಮ್ಮನ ಹೆಂಡತಿ ಲಕ್ಷ್ಮಮ್ಮನಿಗೆ, ಗೌರಿಯ ಎಡೆಗೆ ನಾಲ್ಕನೇ ಬ್ಲಾಕಿನ ಹೋಟೆಲಿನಿಂದ ಮಸಾಲೆ ದೋಸೆ, ದ್ರಾಕ್ಷಿ ರಸ ತರುತ್ತೇನೆ ಎಂದೆ. ಅವಳದು ಕೆಳಗಿನ ಮನೆ. ತಮ್ಮ ತೀರಿಕೊಂಡು ಬಹಳ ವರ್ಷವಾಯಿತು. ಮೊದಲು ಎರಡೂ ಸಂಸಾರಕ್ಕೆ ಒಂದೇ ಅಡುಗೆಮನೆಯಿತ್ತು.

"ಎಡೆಗೆ ಯಾರಾನ ಹೋಟ್ಲು ತಿಂಡಿ ಇಡ್ತಾರಾ ಭಾವ? ಮನೇಲ್ ಮಾಡ್ಬೇಕು."

"ಹಂಗಾದ್ರೆ ಮಾಡು."

"ನಾನು ಮಾವಂದು, ಅತ್ತೆದು, ಇವ್ರದು ಎಲ್ಲ ಮಾಡ್ಬೇಕು. ಅಕ್ಕಂದು ನೀವೇ ಮಾಡಿ."

ಅವಳು ತಮಾಷೆಗೆ ಹೇಳಿದ್ದು. ನಾನು ಮಾಡಿದೆ. ಸವಿತಾ ಹಿಂದಿನ ದಿನ ನೆನೆಹಾಕಿ, ರುಬ್ಬಿ ಕೊಟ್ಟಳು. ಜಯನಗರ ಮಾರ್ಕೆಟ್ಟಿನಿಂದ ಬೀಜದ ಕಪ್ಪು ದ್ರಾಕ್ಷಿ ತಂದು, ಬೇಯಿಸಿ, ಬಟ್ಟೆಯಲ್ಲಿ ಹಿಂಡಿ, ಸಕ್ಕರೆ ಹಾಕಿ ಆರಿಸಿಟ್ಟೆ. ಬೆರಳುಗಳು ಊದಾ ಬಣ್ಣವಾದವು, ಎರಡು ದಿನ ಹೋಗಲಿಲ್ಲ. ದೋಸೆ ಮೊದಲ ಮೂರು ಹಂಚಿಗೇ ಅಂಟಿಕೊಂಡು ಚಿಂದಿಯಾದವು.

"ಎಪ್ಪತ್ತೆರಡಕ್ಕೆ ದೋಸೆ ಹುಯ್ಯಾದ್ ಕಲೀತಾವ್ರೆ," ಅಂದಳು ಲಕ್ಷ್ಮಮ್ಮ. "ಉರಿ ಕಮ್ಮಿ ಮಾಡಿ ಭಾವ. ಹಂಚಿಗೆ ಈರುಳ್ಳಿ ಉಜ್ಜಿ. ಅಯ್ಯೋ, ಬಣ್ಣದ ಬ್ರಷ್ ಅಲ್ಲ ಅದು, ಮೆತ್ತಗೆ ಸುತ್ತಿ."

ಎಂಟನೆಯದು ಹರಿಯದೆ ಎದ್ದಿತು. ಒಂದು ಕಡೆ ಸ್ವಲ್ಪ ಹೆಚ್ಚು ಕೆಂಪಾಗಿತ್ತು. ಅದನ್ನೇ ಮಡಿಸಿ ಎಲೆಗೆ ಹಾಕಿದೆ.

ಎಲೆಗಳನ್ನು ಸಾಲಾಗಿ ಹಾಕಿ ಎಲ್ಲ ಬಡಿಸಿದೆವು. ಅಪ್ಪನ ಬ್ರಾಂದಿ, ಅವ್ವನ ಕಡ್ಡಿಪುಡಿ, ತಮ್ಮನ ಬೋಟಿ ಗೊಜ್ಜು. ಗೌರಿಯ ಎಲೆಗೆ ಮುದ್ದೆ ಇಡಲಿಲ್ಲ. ದೋಸೆ, ಚಟ್ನಿ, ಪಲ್ಯ, ಬೆಳ್ಳಿ ಲೋಟದಲ್ಲಿ ದ್ರಾಕ್ಷಿ ರಸ. ಜೊತೆಗೆ ಅವಳ ಸ್ಟೀಲ್ ಲೋಟದಲ್ಲಿ ಕಾಫಿಯನ್ನೂ ಬೆರೆಸಿ ತಂದಿಟ್ಟೆ. ಐದು ಗಂಟೆಯ ಲೋಟ. ಅದೊಂದು ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ. ಧೂಪ ಹಾಕಿ, ಕೈಮುಗಿದು, ಬಾಗಿಲು ಮುಚ್ಚಿ, ಮೂವರೂ ಹೊರಗೆ ಮೆಟ್ಟಿಲ ಮೇಲೆ ಕೂತೆವು.

ಸ್ವಲ್ಪ ಹೊತ್ತಿನ ಮೇಲೆ ಲಕ್ಷ್ಮಮ್ಮ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೇಳಿದಳು, "ದ್ರಾಕ್ಷಿ ರಸ ಇಟ್ಟಿದ್ದು ಒಳ್ಳೇದಾಯ್ತು ಭಾವ. ಆದ್ರೆ ಆ ಕಾಫಿ ಯಾಕ್ ಇಟ್ರಿ?"

"ಯಾಕೆ? ದಿನಾ ಕುಡೀತಿದ್ಲಲ್ಲ, ನನ್ ಜೊತೆ."

ಅವಳು ನನ್ನ ಕಡೆ ತಿರುಗಿದಳು. "ಅಕ್ಕ ಕಾಫಿ ಎಲ್ಲಿ ಕುಡೀತಿದ್ರು? ಕುಡಿದ್ರೆ ಎದೆ ಉರಿ ಬರೋದು ಅವ್ರಿಗೆ, ಮದ್ವೆಗ್ ಮುಂಚಿಂದ್ಲೂ. ನಿಮ್ಗೆ ಗೊತ್ತಿಲ್ವಾ?"

"ಮತ್ತೆ ಲೋಟ?"

"ಬಿಸಿನೀರು. ನೀವ್ ಒಬ್ರೇ ಕುಡೀಬಾರ್ದು ಅಂತ ಜೊತೇಲಿ ಲೋಟ ಹಿಡ್ಕೊಂಡ್ ಕೂರೋರು."

ಸವಿತಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅವಳಿಗೂ ಗೊತ್ತಿರಲಿಲ್ಲ.

"ಹೋದ್ ವರ್ಷ ಇಟ್ಟಾಗ್ಲೇ ಯಾಕ್ ಹೇಳ್ಲಿಲ್ಲ?" ಎಂದೆ.

"ಗಂಡ ಇಟ್ಟಿದ್ದು, ನಾನ್ಯಾಕೆ ಬಾಯಿ ಹಾಕ್ಲಿ ಅಂತ. ನೀವೂ ಕೇಳ್ಲಿಲ್ಲ."

ಅಂದು ಹೋಟೆಲಿನಲ್ಲಿ ಗೌರಿ ದ್ರಾಕ್ಷಿ ರಸ ಕೇಳಿದ್ದು ಆಸೆಗೋ, ಕಾಫಿ ಆಗದೆಂದೋ, ಎರಡಕ್ಕೂ ಇರಬಹುದು. ನಾನು ತರಿಸಿದ ಕಾಫಿಯನ್ನು ನಾಲ್ಕು ಜನ ಗಂಡಸರ ಎದುರು ಪೂರ್ತಿ ಕುಡಿದಿದ್ದಳು. ಆ ರಾತ್ರಿ ಎದೆ ಉರಿದಿರಬೇಕು. ಹೇಳಲಿಲ್ಲ. ಹೇಳಿದ್ದರೆ ಅದನ್ನೂ ಕಥೆಗೆ ಸೇರಿಸಿಕೊಳ್ಳುತ್ತಿದ್ದೆನೋ ಏನೋ.

ಮೆಟ್ಟಿಲು ಹಿಡಿದುಕೊಂಡು ಎದ್ದೆ.

"ಎಲ್ಲಿಗೆ ಭಾವ?"

ಬಾಗಿಲು ತೆಗೆದೆ. ಒಳಗೆ ಧೂಪದ ಹೊಗೆ ತುಂಬಿತ್ತು. ಗೌರಿಯ ಎಲೆಯ ಮುಂದಿನಿಂದ ಸ್ಟೀಲ್ ಲೋಟವೊಂದನ್ನೇ ಎತ್ತಿಕೊಂಡು, ಬೇರೇನನ್ನೂ ನೋಡದೆ ಹಿಂದಕ್ಕೆ ಬಂದು, ಮತ್ತೆ ಬಾಗಿಲು ಮುಚ್ಚಿದೆ.

"ಅಯ್ಯೋ ಶಿವನೇ," ಅಂದಳು ಲಕ್ಷ್ಮಮ್ಮ. "ಅವ್ರು ಉಣ್ತಿರೋವಾಗ ಯಾರಾನ ಬಾಗ್ಲು ತೆಗೀತಾರಾ?"

"ಬಡಿಸಿದ್ದು ತಪ್ಪಾಗಿತ್ತು ಲಕ್ಷ್ಮಮ್ಮ," ಅಂದೆ. "ಎತ್ಕೊಂಡ್ ಬಂದೆ."

ಮೆಟ್ಟಿಲ ಮೇಲೆ ಕೂತೆ. ಕಾಫಿ ಇನ್ನೂ ಬಿಸಿಯಾಗಿತ್ತು. ನಾನು ಕುಡಿಯಲಿಲ್ಲ. ಒಳಗೆ ಅವಳು ಊಟ ಮುಗಿಸುವವರೆಗೆ ಆ ಲೋಟವನ್ನು ಸುಮ್ಮನೆ ಹಿಡಿದುಕೊಂಡು ಕೂತಿದ್ದೆ.